ಹದಿನಾಲ್ಕು ತಿಂಗಳಿಗೆ ಒಂದೇ ಸಾಲು

ತಪ್ಪು ಶುರುವಾದದ್ದು ಅತ್ತೆಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆಮೇಲೆ ನಾಲ್ಕು ವಾರ ಆ ಮನೆಯಲ್ಲಿ ಯಾರೂ ಅದನ್ನು ಹೇಳಲಿಲ್ಲ. ಮಾವನ ಪಿಂಚಣಿ ಖಾತೆಯ ಪಾಸ್‌ಬುಕ್ಕನ್ನು ಆಕೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ ಹೊದಿಕೆಗಳ ಕೆಳಗಿಟ್ಟು ಬೀಗ ಹಾಕಿದ್ದರು. "ಪದೇ ಪದೇ ತೆಗೆದು ನೋಡಿದ್ರೆ ಖರ್ಚು ಮಾಡೋ ಮನಸ್ಸಾಗುತ್ತೆ" ಎನ್ನುವುದು ಆಕೆಯ ಸಿದ್ಧಾಂತ. ಹೀಗೆ ಹದಿನಾಲ್ಕು ತಿಂಗಳು ಆ ಪುಸ್ತಕ ಬ್ಯಾಂಕಿನ ಮುಖ ನೋಡಲಿಲ್ಲ.

ಅತ್ತೆಯ ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ದುಡ್ಡು ತೆಗೆಯುವ ಮುಂಚೆ ಎಷ್ಟಿದೆ ನೋಡೋಣವೆಂದು ಮಗ, ಲಿಫ್ಟ್ ಮೆಕ್ಯಾನಿಕ್, ಅರ್ಧ ದಿನ ರಜೆ ಹಾಕಿ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋದ. ಮಷಿನ್ ಪುಸ್ತಕವನ್ನು ನುಂಗಿ, ಸ್ವಲ್ಪ ಹೊತ್ತು ಗೊರಗುಟ್ಟಿ, ವಾಪಸ್ ಉಗುಳಿತು. ಬಂದದ್ದು ಒಂದೇ ಸಾಲು. ಹದಿನಾಲ್ಕು ತಿಂಗಳಲ್ಲಿ ಬಂದದ್ದೆಲ್ಲ ಸೇರಿ ಇಷ್ಟು, ಹೋದದ್ದೆಲ್ಲ ಸೇರಿ ಇಷ್ಟು, ಉಳಿದದ್ದು ಇಷ್ಟು.

"ಬಹಳ ದಿನ ತರದಿದ್ರೆ ಮಷಿನ್ ಎಲ್ಲಾ ಕೂಡಿಸಿ ಒಂದೇ ಸಾಲು ಹೊಡೆಯುತ್ತೆ ಸಾರ್," ಎಂದ ಬಾಗಿಲಿನ ಗಾರ್ಡ್. "ಬಿಡಿಬಿಡಿಯಾಗಿ ಬೇಕಂದ್ರೆ ಒಳಗೆ ಸ್ಟೇಟ್‌ಮೆಂಟ್ ಕೇಳ್ಬೇಕು."

ಮೆಕ್ಯಾನಿಕ್ ಒಳಗೆ ಹೋಗಿ ಕೇಳಲಿಲ್ಲ. ಮೂರು ಲಕ್ಷ ಇರಬೇಕಾದಲ್ಲಿ ತೊಂಬತ್ತು ಸಾವಿರದ ಚಿಲ್ಲರೆ ಇದ್ದದ್ದನ್ನು ನೋಡಿ ಅವನ ತಲೆ ಕೆಟ್ಟಿತ್ತು. ನೆಟ್ಟಗೆ ಮನೆಗೆ ಬಂದು ಪಾಸ್‌ಬುಕ್ಕನ್ನು ಊಟದ ಮೇಜಿನ ಮೇಲೆ ಬಿಸಾಡಿದ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆ. ಇರುವವರು ನಾಲ್ವರು. ಅತ್ತೆ, ಮಾವ, ಮಗ, ಸೊಸೆ. ಎರಡು ಬೀದಿ ಆಚೆ ಇರುವ ನಾದಿನಿಯನ್ನು ಸೇರಿಸಿದರೆ ಐವರು. ಸೇರಿಸಲೇಬೇಕು, ಏಕೆಂದರೆ ಹೊಲಿಗೆ ಮುಗಿಸಿ ಅವಳು ದಿನಾ ಸಂಜೆ ಇಲ್ಲೇ ಬಂದು ಚಹಾ ಕುಡಿಯುತ್ತಿದ್ದಳು. ಆವತ್ತೂ ಇದ್ದಳು.

"ಕಾರ್ಡ್ ಯಾರ ಕೈಲಿರುತ್ತೆ?" ಎಂದರು ಅತ್ತೆ.

ಉತ್ತರ ಎಲ್ಲರಿಗೂ ಗೊತ್ತಿತ್ತು. ಮಾವನಿಗೆ ಮಂಡಿನೋವು. ಹಾಗಾಗಿ ಪ್ರತಿ ತಿಂಗಳು ಒಂದನೇ ತಾರೀಕು ಸೊಸೆ ಕಾರ್ಡ್ ತೆಗೆದುಕೊಂಡು ಹೋಗಿ, ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಪಕ್ಕದ ಮಷಿನ್ನಿನಿಂದ ಮನೆಖರ್ಚಿನ ದುಡ್ಡು ತೆಗೆದು, ಚೀಟಿಯ ಸಮೇತ ಅತ್ತೆಯ ಕೈಗೆ ಕೊಡುತ್ತಿದ್ದಳು. ಅತ್ತೆ ದುಡ್ಡನ್ನು ಎಣಿಸಿ ಇಟ್ಟುಕೊಂಡು ಚೀಟಿಯನ್ನು ತರಕಾರಿ ಸಿಪ್ಪೆಯ ಜೊತೆ ಎಸೆಯುತ್ತಿದ್ದರು.

"ನನ್ನ ಕೈಲಿರುತ್ತೆ. ನೀವೇ ಕೊಟ್ಟಿದ್ದು," ಎಂದಳು ಸೊಸೆ.

"ಕೊಟ್ಟಿದ್ದು ತರೋಕೆ. ತಿನ್ನೋಕಲ್ಲ."

"ಅತ್ತೆ, ಮಾತು ನೋಡ್ಕೊಂಡು ಆಡಿ."

"ಮಾತೇನು ನೋಡೋದು, ಲೆಕ್ಕ ನೋಡು! ಎರಡು ಲಕ್ಷ ಹತ್ತು ಸಾವಿರ ಕಾಲು ಬಂದು ನಡ್ಕೊಂಡು ಹೋಯ್ತಾ?"

"ಒಂದೇ ಸಾಲು ಬಂದಿದೆ. ಯಾವತ್ತು ಹೋಯ್ತು, ಎಲ್ಲಿಗೆ ಹೋಯ್ತು, ಅದರಲ್ಲಿಲ್ಲ. ಸ್ಟೇಟ್‌ಮೆಂಟ್ ತರಿಸಿ. ಎಲ್ಲಾ ಗೊತ್ತಾಗುತ್ತೆ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ," ಎಂದಳು ನಾದಿನಿ, ಚಹಾಕ್ಕೆ ಬ್ರೆಡ್ ಅದ್ದುತ್ತ.

"ಹೆಗಲು ಮುಟ್ಕೊಂಡೋರು ಸ್ಟೇಟ್‌ಮೆಂಟ್ ತರಿಸಿ ಅಂತ ಹೇಳ್ತಾರೇನೇ?"

ಮಾವ ಏನೂ ಹೇಳಲಿಲ್ಲ. ಅದರಲ್ಲಿ ಹೊಸದೇನಿರಲಿಲ್ಲ. ಮೂವತ್ತನಾಲ್ಕು ವರ್ಷ ನೀರಿನ ಪಂಪ್‌ಹೌಸಿನಲ್ಲಿ ಆಪರೇಟರ್ ಆಗಿದ್ದ ಅವರನ್ನು ಬೀದಿಯವರೆಲ್ಲ ವಾಲ್ವ್ ತಾತ ಎನ್ನುತ್ತಿದ್ದರು. ಬಾಯಿ ತೆರೆಯುವುದಕ್ಕೂ ಅವರಿಗೆ ನಾಲ್ಕು ಸುತ್ತು ಬೇಕಿತ್ತು. ಪಂಪ್‌ಹೌಸಿನ ಲಾಗ್ ಬರೆದು ಬರೆದು ಬಂದ ಚಟವೊಂದು ಉಳಿದಿತ್ತು. ಮನೆಗೆ ಬಂದ ಯಾವ ವಸ್ತುವಿನ ಮೇಲಾದರೂ ತಾರೀಕು, ಗಂಟೆ ಬರೆದಿಡುತ್ತಿದ್ದರು. ಗ್ಯಾಸ್ ಸಿಲಿಂಡರಿನ ಮೇಲೆ, ಬಲ್ಬಿನ ಡಬ್ಬಿಯ ಮೇಲೆ, ಕೆಮ್ಮಿನ ಔಷಧಿಯ ಮೇಲೆ. ಆವತ್ತು ಅವರು ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಎಂಟು ಹೋಳು ಮಾಡಿದರು, ಹದಿನಾರು ಮಾಡಿದರು, ತಿನ್ನದೆ ಎದ್ದುಹೋದರು.

ಅತ್ತೆ ಅದೇ ಸಂಜೆ ಕಾರ್ಡನ್ನು ಕಿತ್ತುಕೊಂಡು ಟ್ರಂಕಿಗೆ ಹಾಕಿದರು. ಆಪರೇಷನ್ನನ್ನು ಮುಂದಕ್ಕೆ ಹಾಕಿಸಿದರು. "ಕಣ್ಣು ಕಾಣ್ದಿದ್ರೂ ಪರ್ವಾಗಿಲ್ಲ. ಮನೇಲಿ ನಡೆಯೋದು ನೋಡೋದು ತಪ್ಪುತ್ತೆ" ಎಂದು ಬೀದಿಗೆ ಕೇಳುವ ಹಾಗೆ ಕಿಟಕಿಯ ಬಳಿ ನಿಂತು ಹೇಳಿದರು.

ಮೊದಲ ವಾರ ಹೀಗೇ ಹೋಯಿತು. ಸೊಸೆ ಎಣ್ಣೆ ಸುರಿದರೆ ಅತ್ತೆ ಬಂದು ಡಬ್ಬಿ ಎತ್ತಿ ನೋಡುವುದು. ಅವಳು ಹೊಸ ಸೋಪು ತೆಗೆದರೆ "ಯಾರ ದುಡ್ಡೋ ಏನೋ" ಎನ್ನುವುದು. ನಾದಿನಿ ಸಂಜೆ ಬಂದು, ತನ್ನ ಕೈಚೀಲವನ್ನು ಮೇಜಿನ ಮೇಲಿಡದೆ ಮಡಿಲಲ್ಲಿಟ್ಟುಕೊಂಡು ಕೂರುವುದು. ಸೊಸೆ ಒಂದು ದಿನ ಸಹಿಸಿದಳು, ಎರಡು ದಿನ ಸಹಿಸಿದಳು.

"ಆ ಚೀಲ ಕೆಳಗಿಡೇ. ಅದರಲ್ಲಿರೋದು ಒಂದು ಕತ್ತರಿ, ಒಂದು ಟೇಪು. ಅದನ್ನ ಕದ್ದು ನಾನೇನು ಅರಮನೆ ಕಟ್ಟಬೇಕಾ?"

"ನಾನೇನಂದೆ? ನಾನೇನೂ ಅನ್ನಲಿಲ್ವಲ್ಲ!"

"ನೀನು ಅನ್ನೋದಕ್ಕಿಂತ ಅನ್ನದೆ ಇರೋದೇ ಜಾಸ್ತಿ ಕೇಳಿಸುತ್ತೆ."

ಆ ಶನಿವಾರ ಮಧ್ಯಾಹ್ನ ಅವಳು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಗಂಡ ಮೇಲೆ ಬಂದ. ಚಾದರದ ಒಂದು ತುದಿ ತಾನು ಹಿಡಿದುಕೊಂಡು ಹಿಂಡಲು ನೆರವಾದ. ಎರಡು ಸಲ ಹಿಂಡಿದ. ಮೂರನೇ ಸಲ ಕೈ ನಿಲ್ಲಿಸಿದ.

"ಒಂದು ಮಾತು. ಸಿಟ್ಟು ಮಾಡ್ಕೋಬೇಡ. ತಗೊಂಡಿದ್ರೆ ತಗೊಂಡೆ ಅಂದ್ಬಿಡು. ನಾನು ಯಾರಿಗೂ ಹೇಳಲ್ಲ. ಹೇಗಾದ್ರೂ ಸರಿ ಮಾಡೋಣ."

ಅವಳು ಅವನ ಮುಖ ನೋಡಿದಳು. ಅತ್ತೆಯ ಬಾಯಿ ಅವಳಿಗೆ ಹೊಸದಲ್ಲ. ನಾದಿನಿಯ ಕೊಂಕೂ ಹೊಸದಲ್ಲ. ಅವು ಮೈಮೇಲೆ ಬಿದ್ದು ಜಾರಿಹೋಗುತ್ತಿದ್ದವು. ಇದು ಒಳಗೆ ಹೋಯಿತು. ಅವಳಿಗೆ ಅಳು ಬರಲಿಲ್ಲ. ಕಾಲಿನಿಂದ ತಲೆಯವರೆಗೆ ಸಿಟ್ಟು ಬಂತು.

"ನಾನು ತಗೊಂಡಿಲ್ಲ."

"ಸರಿ ಬಿಡು. ಸುಮ್ನೆ ಕೇಳಿದೆ ಅಷ್ಟೆ."

"ಹನ್ನೊಂದು ವರ್ಷ ಜೊತೇಲಿದ್ದು ಸುಮ್ನೆ ಕೇಳಿದ್ಯಾ?" ಅವಳು ಒದ್ದೆ ಚಾದರವನ್ನು ಧೂಳಿನ ನೆಲಕ್ಕೆ ಬಿಟ್ಟಳು. "ಇದನ್ನ ನೀನೇ ಒಗಿ."

ಅವನು ಅದನ್ನು ಒಗೆಯಲಿಲ್ಲ. ಅದು ಸಂಜೆವರೆಗೂ ಅಲ್ಲೇ ಬಿದ್ದಿತ್ತು. ಕೊನೆಗೆ ಅತ್ತೆ ಎತ್ತಿಕೊಂಡು ಬಂದು ಅದಕ್ಕೂ ಒಂದು ಜಗಳ ತೆಗೆದರು.

ಸೋಮವಾರ ಸೊಸೆ ಊಟದ ಬಿಡುವಿನಲ್ಲಿ ಬ್ಯಾಂಕಿಗೆ ಹೋದಳು. ಟೋಕನ್ ನಂಬರು ಎಪ್ಪತ್ಮೂರು. ನಡೆಯುತ್ತಿದ್ದದ್ದು ನಲವತ್ತೊಂದು. ಗಾಜಿನ ಆಚೆ ಟೈ ಕಟ್ಟಿದ ಹುಡುಗನೊಬ್ಬ ಒಬ್ಬ ಮುದುಕಿಗೆ ಕುರ್ಚಿ ಎಳೆದು ಹಾಕಿ, ಲೋಟದಲ್ಲಿ ಚಹಾ ತರಿಸಿ, ನಗುನಗುತ್ತ ಕಾಗದಗಳನ್ನು ತಿರುವಿಹಾಕುತ್ತಿದ್ದ. ಇಷ್ಟು ಮರ್ಯಾದೆ ಸಿಗುವ ಸಾಲು ಯಾವುದೆಂದು ಅವಳಿಗೆ ತಿಳಿಯಲಿಲ್ಲ. ಅವಳು ನಿಂತ ಸಾಲಿನಲ್ಲಿ ಕೂರಲು ಬೆಂಚೂ ಇರಲಿಲ್ಲ.

"ಸ್ಟೇಟ್‌ಮೆಂಟ್ ಬೇಕಂದ್ರೆ ಖಾತೆದಾರರೇ ಬರ್ಬೇಕು," ಎಂದಳು ಕೌಂಟರಿನ ಹೆಂಗಸು. "ಇಲ್ಲಾ, ಅವರ ಸಹಿ ಇರೋ ಅರ್ಜಿ ತನ್ನಿ. ಒಂದು ವರ್ಷಕ್ಕಿಂತ ಹಳೇದು ಬೇಕಾದ್ರೆ ಪುಟಕ್ಕಿಷ್ಟು ಅಂತ ಫೀಸು."

"ನಮ್ಮ ದುಡ್ಡು ಎಲ್ಲಿಗೆ ಹೋಯ್ತು ಅಂತ ಕೇಳೋಕೂ ನಾವೇ ದುಡ್ಡು ಕೊಡ್ಬೇಕಾ?"

"ನನ್ನನ್ನ ಕೇಳಿದ್ರೆ? ರೂಲ್ಸು."

ಅವಳು ಅರ್ಜಿ ತಂದು, ತುಂಬಿ, ಮಾವನ ಕೋಣೆಗೆ ಒಯ್ದಳು. ಮಾವ ಹಾಸಿಗೆಯ ಅಂಚಿನಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು.

"ಮಾವ, ಇಲ್ಲೊಂದು ಸಹಿ."

"ನಾಳೆ ಮಾಡಿದ್ರಾಗಲ್ವಾ?"

"ಆಗಲ್ಲ. ನಿಮಗೆ ಸಹಿ, ನನಗೆ ಮಾನ."

ಅವರು ಪೆನ್ನು ತೆಗೆದುಕೊಂಡರು. ಎಣ್ಣೆಗೈಯಲ್ಲಿ ನಿಧಾನಕ್ಕೆ ಬರೆದರು. ಅವಳು ಥ್ಯಾಂಕ್ಸ್ ಹೇಳಿ, ಮರುದಿನ ಬೆಳಿಗ್ಗೆಯೇ ಅದನ್ನು ಬ್ಯಾಂಕಿಗೆ ಕೊಟ್ಟು ಬಂದಳು.

ಅರ್ಜಿಯಲ್ಲಿ ಸೊಸೆ ಗಂಡನ ಫೋನ್ ನಂಬರು ಬರೆದಿದ್ದಳು, ಗುರುವಾರ ಬ್ಯಾಂಕಿನಿಂದ ಮೆಕ್ಯಾನಿಕ್‌ಗೆ ಫೋನ್ ಬಂತು. ಅವನು ಯಾವುದೋ ಕಟ್ಟಡದಲ್ಲಿ ಲಿಫ್ಟಿನ ಗುಂಡಿಯೊಳಗಿದ್ದ. ಅರ್ಜಿಯ ಸಹಿ ತಾಳೆಯಾಗುತ್ತಿಲ್ಲ, ಬೇರೆ ಯಾರೋ ಹಾಕಿದ ಹಾಗಿದೆ, ಹುಷಾರಾಗಿರಿ ಎಂದರು. ಅವನು ಆ ಸುದ್ದಿಯನ್ನು ಹಾಗೇ ಮನೆಗೆ ತಂದ. ಒಬ್ಬಳೇ ಸಿಕ್ಕಾಗ ಕೇಳಬಹುದಿತ್ತು. ಕೇಳಲಿಲ್ಲ. ಊಟಕ್ಕೆ ಕೂತಾಗ ಎಲ್ಲರೆದುರು ಹೇಳಿದ.

"ನೋಡಿದ್ಯಾ?" ಅತ್ತೆ ಸೌಟನ್ನು ಪಾತ್ರೆಯೊಳಗೆ ಎಸೆದರು. "ಸಹೀನೂ ಇವಳೇ ಹಾಕಿದ್ದಾಳೆ! ದುಡ್ಡು ಆಯ್ತು, ಈಗ ಸಹಿ!"

"ಮಾವ ಹಾಕಿದ್ದು. ನನ್ನ ಕಣ್ಣೆದುರಿಗೆ. ಕೇಳಿ ಅವರನ್ನೇ. ಮಾವ, ನೀವೇ ಹಾಕಿದ್ದಲ್ವಾ?"

ಮಾವ ನೀರಿನ ಲೋಟ ಎತ್ತಿದರು. ಕುಡಿದರು. ಕೆಳಗಿಟ್ಟರು.

"ಯಾವುದಕ್ಕೋ ಹಾಕಿದ ನೆನಪು… ಯಾವ ಕಾಗದಾನೋ ಸರಿಯಾಗಿ ಗೊತ್ತಿಲ್ಲಮ್ಮ."

ಹತ್ತು ವರ್ಷದ ಹಿಂದಿನ ಬಲ್ಬು ಎಷ್ಟು ಗಂಟೆಗೆ ಬಂತೆಂದು ಬರೆದಿಟ್ಟ ಮನುಷ್ಯನಿಗೆ ಮೂರು ದಿನದ ಹಿಂದಿನ ಸಹಿ ನೆನಪಿಲ್ಲ. ಸೊಸೆ ಅನ್ನದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಬಡಿಸ್ಕೊಳ್ಳಿ. ಕಳ್ಳಿ ಬಡಿಸಿದ್ದು ನಿಮಗೆ ಜೀರ್ಣ ಆಗಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತು ಪಕ್ಕದಲ್ಲೇ ಕೂತು ನೋಡುತ್ತಿತ್ತು. ಆದರೆ ಅದು ಆಗ ಯಾರಿಗೂ ಗೊತ್ತಿರಲಿಲ್ಲ.

ಮೂರನೇ ವಾರ ಅತ್ತೆ ಮಾಡಬಾರದ್ದೊಂದು ಮಾಡಿದರು. ಒಂದು ಕಣ್ಣಿನಲ್ಲೇ ದಾರಿ ನೋಡಿಕೊಂಡು ಕನ್ನಡಕದ ಅಂಗಡಿಗೆ ಹೋಗಿ, ಮಾಲೀಕನನ್ನು ಪಕ್ಕಕ್ಕೆ ಕರೆದು ಹೇಳಿದರು. "ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ. ಕ್ಯಾಶ್ ಮೇಲೊಂದು ಕಣ್ಣಿಟ್ಟಿರಿ. ಮನೆ ವಿಷಯ, ಜಾಸ್ತಿ ಹೇಳೋಕಾಗಲ್ಲ."

ಮಾಲೀಕ ಸೊಸೆಗೆ ಏನೂ ಹೇಳಲಿಲ್ಲ. ಮರುದಿನ ಅವಳು ಬರುವಷ್ಟರಲ್ಲಿ ಬಿಲ್ಲಿನ ಕೌಂಟರಿನಲ್ಲಿ ಅವನೇ ಕೂತಿದ್ದ. "ಗಾಜು ಉಜ್ಜೋ ಕೆಲಸ ಬಹಳ ಬಾಕಿ ಇದೆ, ಸ್ವಲ್ಪ ದಿನ ಹಿಂದಿನ ರೂಮಲ್ಲಿರು," ಎಂದ. ಆರು ವರ್ಷ ಆ ಕೌಂಟರಿನಲ್ಲಿ ಕೂತವಳು ಹಿಂದಿನ ಕೋಣೆಯ ನೀರು, ಗಾಜಿನ ಪುಡಿ, ಮೋಟರಿನ ಸದ್ದಿನ ನಡುವೆ ಕೂತಳು. ಕಾರಣವನ್ನು ಮೂರು ದಿನದ ನಂತರ ಕನ್ನಡಕಕ್ಕೆ ಚೌಕಟ್ಟು ಕೂರಿಸುವ ಹೆಂಗಸು ಪಿಸುಗುಟ್ಟಿದಳು.

ಆವತ್ತು ಅವಳು ಮನೆಗೆ ಬಂದು ಚಪ್ಪಲಿಯನ್ನೂ ಬಿಡಲಿಲ್ಲ. ಅತ್ತೆ ಆಲೂಗಡ್ಡೆ ಹೆಚ್ಚುತ್ತಿದ್ದರು. ನಾದಿನಿ ಚಹಾ ಕುಡಿಯುತ್ತಿದ್ದಳು. ಮಾವ ಕಿಟಕಿಯ ಬಳಿ. ಗಂಡ ಬಾಗಿಲ ಬಳಿ ಬೂಟಿನ ದಾರ ಬಿಚ್ಚುತ್ತಿದ್ದ.

"ಅಂಗಡಿಗೂ ಹೋಗಿ ಬಂದ್ರಾ ಅತ್ತೆ?"

"ಹೋದೆ. ನಾಳೆ ಅಲ್ಲೂ ಏನಾದ್ರೂ ಆದ್ರೆ ನಮ್ಮ ಮುಖಕ್ಕೇ ತಾನೇ ಮಸಿ?"

"ಮಾತು ಆಡಿದ್ರೆ ಹೋಯ್ತು, ಈಗ ಬಿಟ್ಬಿಡಿ," ಎಂದಳು ನಾದಿನಿ.

"ನೀನು ಸುಮ್ನಿರು. ಎಲ್ಲರೂ ಕೇಳಿ. ನಾಳೆ ಬೆಳಿಗ್ಗೆ ನಾನು ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ."

"ಯಾರ ಮೇಲೆ ಕಂಪ್ಲೇಂಟು?" ಗಂಡ ತಲೆಯೆತ್ತಿದ.

"ನನ್ನ ಮೇಲೇ. ನನ್ನ ಮಾವನ ಖಾತೆಯಿಂದ ಎರಡು ಲಕ್ಷ ಹತ್ತು ಸಾವಿರ ಹೋಗಿದೆ, ಮನೆಯವರೆಲ್ಲ ನಾನೇ ತಗೊಂಡೆ ಅಂತಾರೆ, ವಿಚಾರಣೆ ಮಾಡಿ ಅಂತ ಬರೆದು ಕೊಡ್ತೀನಿ. ಅವರು ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತರಿಸ್ತಾರೆ. ಅದಕ್ಕೆ ಯಾರ ಸಹೀನೂ ಬೇಕಾಗಲ್ಲ."

ಅತ್ತೆಯ ಚಾಕು ನಿಂತಿತು. ತನ್ನ ಮೇಲೆ ತಾನೇ ದೂರು ಕೊಡುವ ಕಳ್ಳಿಯನ್ನು ಆಕೆ ಕೇಳಿರಲಿಲ್ಲ. ಗಂಡ "ಹುಚ್ಚು ಹಿಡಿದಿದ್ಯಾ, ಮನೆ ಮಾನ" ಎಂದೇನೋ ಶುರುಮಾಡಿದ. ಅಷ್ಟರಲ್ಲಿ ಕಿಟಕಿಯ ಕಡೆಯಿಂದ ಮಾವನ ದನಿ ಬಂತು.

"ಪೊಲೀಸು ಬೇಡ. ನಾಳೆ ನಾನೇ ಬ್ಯಾಂಕಿಗೆ ಬರ್ತೀನಿ."

ಮರುದಿನ ಮಾವ, ಸೊಸೆ ಇಬ್ಬರೂ ಬಸ್ಸಿನಲ್ಲಿ ಹೋದರು. ಕೌಂಟರಿನಲ್ಲಿ ಮಾವ ಅರ್ಜಿಗೆ ಸಹಿ ಹಾಕಿದರು. ಹೆಂಗಸು ಪರದೆ ನೋಡಿದಳು, ಕಾಗದ ನೋಡಿದಳು.

"ಇವತ್ತು ಸರಿಯಾಗಿ ಬಂತಲ್ಲ ತಾತ! ಹೋದ ಸಲ ಹಾಕಿದ್ದು ಯಾರು?"

ಮಾವ ನೆಲ ನೋಡಿದರು. ಸೊಸೆಗೆ ಆಗ ಅರ್ಧ ಅರ್ಥವಾಯಿತು. ಗಾಜಿನ ಆಚೆಯಿಂದ ಟೈ ಹುಡುಗ ಕೈಯೆತ್ತಿ "ಏನ್ಸಾರ್, ಆರಾಮಾ? ಬನ್ನಿ, ಕೂತ್ಕೊಳ್ಳಿ!" ಎಂದು ಕೂಗಿದಾಗ ಇನ್ನರ್ಧ ಅರ್ಥವಾಯಿತು. ಆದರೂ ಅವಳು ಕೇಳಲಿಲ್ಲ. ಅರ್ಥವಾದದ್ದು ಅವಳಿಗೆ ಸಾಕಿರಲಿಲ್ಲ. ಕಾಗದ ಬೇಕಿತ್ತು.

ಕಾಗದ ನಾಲ್ಕನೇ ದಿನ ಬಂತು. ಆರು ಹಾಳೆ, ಪ್ರತಿ ಹಾಳೆಯ ಕೆಳಗೆ ದುಂಡನೆಯ ಮೊಹರು. ಅವಳು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಐದೈದು ಪ್ರತಿ ತೆಗೆಸಿ, ಸಂಜೆ ಊಟಕ್ಕೆ ತಟ್ಟೆ ಹಾಕುವ ಬದಲು ಒಬ್ಬೊಬ್ಬರ ಮುಂದೆ ಒಂದೊಂದು ಪ್ರತಿ ಇಟ್ಟಳು. ನಾದಿನಿಯನ್ನು ಕರೆಯಬೇಕಾಗಿರಲಿಲ್ಲ, ಅವಳು ಇದ್ದೇ ಇದ್ದಳು.

"ಮೊದಲು ಊಟ ಆಗ್ಲಿ," ಎಂದ ಗಂಡ.

"ಇವತ್ತು ಇದೇ ಊಟ. ನೀನೇ ಓದು. ಅಮ್ಮನಿಗೆ ಕಣ್ಣು ಕಾಣಲ್ಲ. ಜೋರಾಗಿ ಓದು."

ಅವನು ಓದಿದ. ಪ್ರತಿ ತಿಂಗಳು ಒಂದನೇ ತಾರೀಕು, ಕಾರ್ಡಿನಿಂದ, ಮನೆಖರ್ಚಿನ ಅದೇ ಮೊತ್ತ. ಹದಿನಾಲ್ಕು ತಿಂಗಳು, ಹದಿನಾಲ್ಕು ಸಲ. ಒಂದು ಕಾಸು ಹೆಚ್ಚಿಲ್ಲ. ನಡುವೆ ಮೂರು ಸಾಲು ಬೇರೆ. ಹನ್ನೊಂದು ತಿಂಗಳ ಹಿಂದೆ ತೊಂಬತ್ತು ಸಾವಿರ. ಆರು ತಿಂಗಳ ಹಿಂದೆ ಅರವತ್ತು ಸಾವಿರ. ಹೋದ ತಿಂಗಳು ಹದಿನಾಲ್ಕಕ್ಕೆ ಮತ್ತೆ ಅರವತ್ತು ಸಾವಿರ. ಮೂರರ ಮುಂದೆಯೂ ಒಂದೇ ಮಾತು, ವಿಮೆ ಕಂತು.

"ವಿಮೆ? ಯಾರ ವಿಮೆ?" ಅತ್ತೆ ತಮಗೆ ಕಾಣದ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು.

ಮಾವ ಎದ್ದು ಕೋಣೆಗೆ ಹೋದರು. ಹಾಸಿಗೆಯ ಕೆಳಗಿನಿಂದ ಮೂರು ದಪ್ಪ ಲಕೋಟೆ ತಂದು ಮೇಜಿನ ಮೇಲಿಟ್ಟರು.

"ಪಿಂಚಣಿ ಕಾಗದಕ್ಕೆ ಬ್ಯಾಂಕಿಗೆ ಹೋದಾಗೆಲ್ಲ ಆ ಟೈ ಹುಡುಗ ಕುರ್ಚಿ ಹಾಕೋನು. ಸಾರ್ ಅನ್ನೋನು. ಇಟ್ಟ ದುಡ್ಡು ಡಬಲ್ ಆಗುತ್ತೆ ಅಂದ. ಇವಳ ಕಣ್ಣಿಗೆ, ನನ್ನ ಮಂಡಿಗೆ ಆಗುತ್ತೆ ಅಂದ್ಕೊಂಡೆ. ತೋರಿಸಿದಲ್ಲೆಲ್ಲ ಸಹಿ ಹಾಕ್ದೆ. ಮೂರನೇ ಸಲ ಬಂದ ಕಾಗದ ಓದಿ ನೋಡಿದ್ರೆ ಹದಿನೈದು ವರ್ಷ ಅಂತಿತ್ತು. ನನಗೆ ಈಗ ಎಪ್ಪತ್ತೊಂದು."

ಅಷ್ಟು ಮಾತು ಅವರು ಒಟ್ಟಿಗೆ ಆಡಿದ್ದು ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ನಾದಿನಿ ಎದ್ದು ಹೋಗಿ ಅವರ ಬೆನ್ನ ಮೇಲೆ ಕೈಯಿಟ್ಟಳು. "ಪಾಪ ಅಪ್ಪ! ವಯಸ್ಸಾದವರನ್ನ ನೋಡಿ ಮೋಸ ಮಾಡಿದ್ದಾನೆ." ಗಂಡ ಕುರ್ಚಿ ಎಳೆದು ಅವರನ್ನು ಕೂರಿಸಿದ. ಅತ್ತೆ ಕೂಡ ಬೈಯಲು ಬಾಯಿ ತೆರೆದು, ಮುದುಕನ ಮುಖ ನೋಡಿ, "ಒಂದು ಲೋಟ ಹಾಲು ಬಿಸಿಮಾಡಿ ತರ್ಲಾ?" ಎಂದರು.

ಸೊಸೆ ಅದೆಲ್ಲವನ್ನೂ ನಿಂತು ನೋಡಿದಳು. ತನ್ನನ್ನು ಕಳ್ಳಿ ಎಂದಾಗ ಬೀದಿಗೆಲ್ಲ ಕೇಳುವಂತೆ ಕೂಗು. ನಿಜವಾಗಿ ಕಳೆದವರಿಗೆ ಬಿಸಿ ಹಾಲು. ಅವಳು ಮೂರನೇ ಲಕೋಟೆ ಎತ್ತಿಕೊಂಡಳು. ಅದರ ಮೂಲೆಯಲ್ಲಿ ಮಾವನ ಅಕ್ಷರ ಇತ್ತು. ತಾರೀಕು ಇಪ್ಪತ್ತೆರಡು, ಬೆಳಿಗ್ಗೆ ಹನ್ನೊಂದು ಇಪ್ಪತ್ತು.

"ಇದು ಬಂದಿದ್ದು ಇಪ್ಪತ್ತೆರಡಕ್ಕೆ. ಪಾಸ್‌ಬುಕ್ ಹೊಡೆಸಿದ್ದು ಇಪ್ಪತ್ತಾರಕ್ಕೆ. ನಾಲ್ಕು ದಿನ ಮುಂಚೆನೇ ನಿಮಗೆ ಎಲ್ಲಾ ಗೊತ್ತಿತ್ತು ಮಾವ."

ಮಾವ ಲಕೋಟೆಯ ಮೇಲಿನ ತಮ್ಮದೇ ಅಕ್ಷರ ನೋಡಿದರು.

"ಬೇಕಂತಲೇ ಸಹಿ ಸೊಟ್ಟ ಹಾಕಿದ್ರಿ. ಯಾಕೆ?"

"ನಿಮ್ಮತ್ತೆ ಬಾಯಿಗೆ ಹೆದರಿ ಕಣಮ್ಮ."

"ಆ ಬಾಯಿ ನಿಮ್ಮ ಮೇಲೆ ಬೀಳೋ ಬದ್ಲು ನನ್ನ ಮೇಲೆ ಬೀಳ್ಲಿ ಅಂತ ಬಿಟ್ರಿ. ನಾಲ್ಕು ವಾರ ಪಕ್ಕದಲ್ಲೇ ಕೂತು ನಾನು ಬಡಿಸಿದ್ದನ್ನ ತಿಂದ್ರಿ!" ಅವಳ ದನಿ ಕೆಳಗಿನ ಸೈಕಲ್ ಅಂಗಡಿಗೂ ಕೇಳಿರಬೇಕು, ಸುತ್ತಿಗೆಯ ಸದ್ದು ನಿಂತಿತು. "ನನಗೆ ಕಳ್ಳಿ ಅಂದಾಗ ಒಬ್ಬರ ಬಾಯಲ್ಲೂ ಪಾಪ ಅಂತ ಬರ್ಲಿಲ್ವಲ್ಲ!"

"ನಾವೇನು ನಿಜವಾಗ್ಲೂ ನಂಬಿದ್ವಾ?" ಎಂದಳು ನಾದಿನಿ.

ಸೊಸೆ ಆಗಲೇ ಲಕೋಟೆ ತೆರೆದಿದ್ದಳು. ಲಕೋಟೆಯೊಳಗಿನ ಕಾಗದಗಳನ್ನು ನಿಂತಲ್ಲೇ ಓದುತ್ತಿದ್ದಳು. ಗಾಜಿನ ನಂಬರು ಓದಿ ಓದಿ ಅವಳಿಗೆ ಸಣ್ಣ ಅಕ್ಷರ ಅಭ್ಯಾಸ. ಕೊನೆಯ ಪುಟದಲ್ಲಿ ಇರುವೆ ಸಾಲಿನಂತಹ ಅಕ್ಷರದಲ್ಲಿ ಬರೆದಿತ್ತು. ಕಾಗದ ಕೈಸೇರಿದ ಮೂವತ್ತು ದಿನದೊಳಗೆ ಪಾಲಿಸಿ ಹಿಂದಿರುಗಿಸಿದರೆ ಹಣ ವಾಪಸ್.

"ಇವತ್ತು ಎಷ್ಟನೇ ತಾರೀಕು?"

"ಇಪ್ಪತ್ತು," ಎಂದ ಗಂಡ.

"ನಾಳೆ ಕೊನೇ ದಿನ. ಈ ಅರವತ್ತು ಸಾವಿರ ಬರುತ್ತೆ. ಹಳೇದು ಎರಡಕ್ಕೆ ಟೈಮ್ ಮುಗಿದಿದೆ. ಮೊದಲನೇದರ ಕಂತು ಮುಂದಿನ ತಿಂಗಳು ಮತ್ತೆ ತೊಂಬತ್ತು ಸಾವಿರ ಹೋಗುತ್ತೆ, ಖಾತೇಲಿ ಇರೋದೇ ಅಷ್ಟು. ಅದನ್ನ ನಿಲ್ಲಿಸ್ಬೇಕು."

ಎಲ್ಲರೂ ಅವಳನ್ನೇ ನೋಡಿದರು. ಬೆಕ್ಕಿಗೆ ಗಂಟೆ ಕಟ್ಟಬೇಕಾದಾಗ ಆ ಮನೆಯಲ್ಲಿ ಯಾವಾಗಲೂ ನೆನಪಾಗುತ್ತಿದ್ದದ್ದು ಅವಳೇ.

"ನನಗೆ ನಾಳೆ ರಜಾ ಸಿಗಲ್ಲ," ಎಂದ ಗಂಡ. "ನೀನೇ ಹೋಗಿ ಬಾ. ನಿನಗೆ ಬ್ಯಾಂಕಿನ ದಾರಿ ಗೊತ್ತು."

"ದಾರಿ ನಾನು ತೋರಿಸ್ತೀನಿ. ಮಾವ ಬಂದು ಸಹಿ ಹಾಕ್ತಾರೆ. ಮಾತಾಡೋದು ಅತ್ತೆ." ಅವಳು ಅತ್ತೆಯ ಕಡೆ ತಿರುಗಿದಳು. "ನನ್ನ ಮೇಲೆ ಹರಿಬಿಟ್ಟ ಬಾಯಿ ಇದೆಯಲ್ಲ, ಅದು ನಾಳೆ ಬ್ಯಾಂಕಿಗೆ ಬರ್ಬೇಕು. ಅಲ್ಲಿ ಮುಗಿದ್ಮೇಲೆ ಅಂಗಡಿಗೆ. ಇಲ್ಲ ಅಂದ್ರೆ ಅರವತ್ತು ಸಾವಿರ ಅಲ್ಲೇ ಕೊಳೀಲಿ."

ಅತ್ತೆ ತಮ್ಮ ಮುಂದಿದ್ದ ಹಾಳೆಗಳನ್ನು ಮಡಿಸಿಟ್ಟರು. ಆಮೇಲೆ "ಎಷ್ಟು ಗಂಟೆಗೆ?" ಎಂದರು. ಅರವತ್ತು ಸಾವಿರಕ್ಕಾಗಿ ಒಪ್ಪಿದರೋ ಸೊಸೆಗಾಗಿ ಒಪ್ಪಿದರೋ, ಅದು ಆಕೆಗೂ ಗೊತ್ತಿರಲಿಲ್ಲ.

ಬ್ಯಾಂಕಿನಲ್ಲಿ ಟೈ ಹುಡುಗ ಎರಡು ಕುರ್ಚಿ ಎಳೆದ. ಅತ್ತೆ ಕೂರಲಿಲ್ಲ.

"ಅಮ್ಮ, ಎಲ್ಲಾ ಸಾರ್ ಅವರೇ ಒಪ್ಪಿ ಸಹಿ ಮಾಡಿರೋದು. ನೋಡಿ, ಸಹಿ ಅವರದ್ದೇ ಅಲ್ವಾ?"

"ಸಹಿ ಅವರದ್ದೇ. ಬುದ್ಧಿ ನಿನ್ನದು," ಎಂದರು ಅತ್ತೆ. "ಎಪ್ಪತ್ತೊಂದು ವರ್ಷದವರಿಗೆ ಹದಿನೈದು ವರ್ಷದ ಪಾಲಿಸಿ ಕಟ್ಟಿದ್ಯಲ್ಲ, ದುಡ್ಡು ಇಸ್ಕೊಳ್ಳೋಕೆ ಅವರು ಗುಂಡಿಯಿಂದ ಎದ್ದು ಬರ್ಬೇಕಾ?"

"ಅಮ್ಮ, ಮೆಲ್ಲಗೆ…"

"ಮೆಲ್ಲಗೆ ಮಾತಾಡಿ ನನಗೆ ಗೊತ್ತಿಲ್ಲ! ಇವಳನ್ನ ನೋಡು. ನನ್ನ ಸೊಸೆ. ನಾಲ್ಕು ವಾರದಿಂದ ಇವಳನ್ನ ಕಳ್ಳಿ ಅಂತ ಬೀದಿಗೆಲ್ಲ ಹೇಳ್ದೆ. ಕದ್ದೋನು ಇಲ್ಲಿ ಟೈ ಕಟ್ಕೊಂಡು ಚಹಾ ಕೊಡ್ತಿದ್ದ!"

ಟೋಕನ್ ಹಿಡಿದು ನಿಂತ ಜನವೆಲ್ಲ ತಿರುಗಿ ನೋಡಿದರು. ಒಬ್ಬ ಮುದುಕ ತನ್ನ ಕೈಯಲ್ಲಿದ್ದ ಲಕೋಟೆಯನ್ನು ತೆರೆದು ಕೊನೆಯ ಪುಟ ಹುಡುಕತೊಡಗಿದ. ಮ್ಯಾನೇಜರ್ ಒಳಗಿನಿಂದ ಓಡಿಬಂದ. ಅರ್ಧ ಗಂಟೆಯಲ್ಲಿ ಮೂರನೇ ಪಾಲಿಸಿ ಹಿಂದಿರುಗಿಸಿದ್ದಕ್ಕೆ ರಸೀದಿ ಬಂತು, ಮುಂದಿನ ಕಂತು ನಿಲ್ಲಿಸುವ ಕಾಗದಕ್ಕೆ ಮೊಹರು ಬಿತ್ತು. ಹಳೆಯ ಎರಡಕ್ಕೆ ಸೊಸೆ ದೂರು ಬರೆದು ಕೊಟ್ಟಳು. ಅದು ಏನಾಗುವುದೋ ಯಾರೂ ಭರವಸೆ ಕೊಡಲಿಲ್ಲ.

ಮಾವನನ್ನು ಬಸ್ಸು ಹತ್ತಿಸಿ, ಅತ್ತೆ ಸೊಸೆ ಇಬ್ಬರೂ ಕನ್ನಡಕದ ಅಂಗಡಿಗೆ ನಡೆದರು. ಗಿರಾಕಿಗಳಿದ್ದರು. ಅತ್ತೆ ಈ ಸಲ ಮಾಲೀಕನನ್ನು ಪಕ್ಕಕ್ಕೆ ಕರೆಯಲಿಲ್ಲ.

"ಆವತ್ತು ನಾನು ಹೇಳಿದ್ದು ಸುಳ್ಳು. ಇವಳು ಒಂದು ಕಾಸೂ ಮುಟ್ಟಿಲ್ಲ. ಕಾಗದ ತಂದಿದೀನಿ, ನೋಡಿ."

"ಅಯ್ಯೋ ಅಮ್ಮ, ಅದನ್ನ ನಾನು ನಂಬೇ ಇರ್ಲಿಲ್ಲ!" ಎಂದ ಮಾಲೀಕ. "ಆವತ್ತೇ ಮರೆತೆ."

"ಮರೆತಿದ್ರೆ ನನ್ನ ಜಾಗದಲ್ಲಿ ನೀವ್ಯಾಕೆ ಕೂತಿದೀರಿ?" ಎಂದಳು ಸೊಸೆ.

ಅವನು ಎದುರಿಗಿದ್ದ ಕನ್ನಡಕವನ್ನು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಕೇಳ್ತಿದ್ದಾಳಲ್ಲ, ಹೇಳಿ," ಎಂದರು ಅತ್ತೆ.

"ನಾಳೆಯಿಂದ ಮುಂದೆ ಕೂತ್ಕೋಮ್ಮ."

"ಈಗಿಂದ," ಎಂದಳು ಅವಳು. ಅವನು ಎದ್ದ.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಗಂಡ ಹೊರಗೆ ನಿಂತಿದ್ದ. ಹೆಗಲ ಮೇಲೆ ಸಾಮಾನಿನ ಚೀಲ, ಅಂಗಿಗೆಲ್ಲ ಗ್ರೀಸ್. ಮದುವೆಯಾದ ಹೊಸತರಲ್ಲಿ ಬಿಟ್ಟರೆ ಅವನು ಅವಳನ್ನು ಕರೆದುಕೊಂಡು ಹೋಗಲು ಬಂದದ್ದಿಲ್ಲ. ಇಬ್ಬರೂ ನಡೆದರು.

"ಅಮ್ಮ ಎಲ್ಲಾ ಹೇಳಿದ್ರು," ಎಂದ. "ಬ್ಯಾಂಕಲ್ಲಿ ಭಾರಿ ಗಲಾಟೆಯಂತೆ. ಸದ್ಯ, ಎಲ್ಲಾ ಸರಿಹೋಯ್ತಲ್ಲ."

ಅವಳು ನಡೆಯುತ್ತಲೇ ಇದ್ದಳು.

"ನಾನಂತೂ ಯಾವತ್ತೂ ನಂಬಿರ್ಲಿಲ್ಲ ಕಣೇ."

ಅವಳು ನಿಂತಳು. ಜನ ಅವರನ್ನು ಸುತ್ತಿಕೊಂಡು ಆಚೀಚೆ ಹೋಗುತ್ತಿದ್ದರು.

"ಯಾರೂ ನಂಬಿರ್ಲಿಲ್ಲ. ನಿನ್ನ ತಂಗಿ ನಂಬಿರ್ಲಿಲ್ಲ, ಮಾಲೀಕ ನಂಬಿರ್ಲಿಲ್ಲ, ನೀನೂ ನಂಬಿರ್ಲಿಲ್ಲ. ನಂಬಿದ್ದೆ ಅಂತ ಒಪ್ಕೊಂಡಿದ್ದು ನಿಮ್ಮಮ್ಮ ಒಬ್ರೇ. ಬೀದಿಗೆಲ್ಲ ಹೇಳಿದ್ದನ್ನ ಅವರು ಬ್ಯಾಂಕಲ್ಲಿ ಎಲ್ಲರೆದುರಿಗೆ ವಾಪಸ್ ತಗೊಂಡ್ರು. ಅಂಗಡೀಲಿ ಅಂದಿದ್ದನ್ನ ಅಂಗಡೀಲೇ ತಗೊಂಡ್ರು." ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನೀನು ತಾರಸಿ ಮೇಲೆ ಕೇಳ್ದೆ. ಅಲ್ಲಿ ನಾನು ಬಿಟ್ರೆ ಯಾರೂ ಇರ್ಲಿಲ್ಲ. ಅದನ್ನ ಎಲ್ಲಿ ಹೋಗಿ ವಾಪಸ್ ತಗೋತೀಯ, ಹೇಳು."

ಅವನು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ. ಅವಳು ಅವನಿಗೆ ಬೇಕಾದಷ್ಟು ಹೊತ್ತು ಕೊಟ್ಟಳು. ಎದುರಿನ ಬಸ್ಸು ಬಂದು, ಜನ ಇಳಿದು, ಜನ ಹತ್ತಿ, ಹೊರಟೂ ಹೋಯಿತು. ಆಮೇಲೆ ಅವಳು ಮನೆಯ ಕಡೆ ನಡೆದಳು. ಅವನು ಹತ್ತು ಹೆಜ್ಜೆ ಹಿಂದೆ ಬಂದ.